ಕುಕ್ಕರಿನಲ್ಲಿ ಹತ್ತು ನಿಮಿಷದ ಮ್ಯಾಕರೋನಿ

ಮೇ ತಿಂಗಳ ಒಂದು ರವಿವಾರ, ಸಂಜೆ ನಾಲ್ಕು ಗಂಟೆ. ಸ್ಥಳ: ನಾಸಿಕದ ನಮ್ಮ ಸರಕಾರಿ ಕ್ವಾರ್ಟರ್ಸು. ಹಾಜರಿದ್ದವರು: ನಾನು, ಹೆಂಡತಿ ಸುಮಿತ್ರಾ, ಕಾಲೇಜಿಗೆ ಹೋಗುವ ಮಗಳು ವಿದ್ಯಾ.

ವಿಷಯ ಗಂಭೀರವಾಗಿತ್ತು. ವಿದ್ಯಾಳನ್ನು ಕರೆದುಕೊಂಡು ಔರಂಗಾಬಾದಿನ ತನ್ನ ತಂಗಿಯ ಮನೆಗೆ ಎಂಟು ದಿನ ಹೋಗಬೇಕೆಂಬುದು ಸುಮಿತ್ರಾಳ ಆರು ವರ್ಷದ ಆಸೆ. ಪ್ರತಿ ಸಲವೂ "ನಿಮ್ಮ ಊಟದ ಗತಿ ಏನ್ರಿ?" ಎಂದು ತಾನೇ ನಿಂತುಬಿಡುತ್ತಿದ್ದಳು. ಈ ಸಲ ನಾನು ಘೋಷಿಸಿದೆ:

"ಇವತ್ತಿನ ರಾತ್ರಿ ಅಡಿಗಿ ನಂದು. ಉಂಡು ನೋಡು, ನಾಳೆ ನಿಶ್ಚಿಂತಿಯಿಂದ ಬಸ್ ಹತ್ತು."

"ಅನ್ನಾ ಸಾರು ಮಾಡ್ರಿ, ಸಾಕು."

ಅನ್ನ ಸಾರಿಗೆ ಲಿಖಿತ ನಿಯಮವೆಲ್ಲಿದೆ? ಎಲ್ಲವೂ ಕೈ ಅಂದಾಜು! ಇಂಗ್ಲಿಷ್ ಮಾಸಿಕವೊಂದರಲ್ಲಿ ನನಗೆ ಸಿಕ್ಕಿದ್ದ ವಿಧಾನವಾದರೋ ಕ್ರಮಸಂಖ್ಯೆ ಸಮೇತ ಇತ್ತು: ಬೇಸಿಗೆಯ ತರಕಾರಿ ಮತ್ತು ಬೇಕನ್ ಹಾಕಿದ ಸುಲಭ ಪಾಸ್ತಾ.

ಪಂಚವಟಿಯ ಪೇಟೆಗೆ ಹೋದೆ. ಹೀರೆಕಾಯಿ, ದೊಣ್ಣಮೆಣಸಿನಕಾಯಿ, ಟೊಮೆಟೊ, ಮ್ಯಾಕರೋನಿ ಎಲ್ಲ ಸಿಕ್ಕವು. ಗುಡಿಯ ಪಕ್ಕದ ಕಿರಾಣಿ ಅಂಗಡಿಯಲ್ಲಿ ಬೇಕನ್ ಕೇಳಿದೆ. ಅಂಗಡಿಯವನು ಆ ಹೆಸರೇ ಕೇಳಿರಲಿಲ್ಲ. "ತಾಜಾ ಇಲ್ಲದಿದ್ದರೆ ಒಣಗಿದ್ದಾದರೂ ಕೊಡು!" ಎಂದು ದನಿ ಏರಿಸಿದೆ. ಕರ್ಪೂರ ಕೊಳ್ಳುತ್ತಿದ್ದ ಮೇಷ್ಟರೊಬ್ಬರು ನನ್ನ ಕಿವಿಯ ಬಳಿ ಬಾಗಿದರು.

"ಕಾಕಾ, ತೇ ಡುಕರಾಚಂ ಮಾಂಸ!"

ಹಂದಿ ಮಾಂಸ! ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದ ನಾನು ಗುಡಿಯ ಬಾಗಿಲಲ್ಲಿ ನಿಂತು ಹಂದಿ ಮಾಂಸಕ್ಕೆ ಹಠ ಹಿಡಿದಿದ್ದೆ!

ಆದರೂ ಸೋಲೊಪ್ಪಲಿಲ್ಲ. ಮಾಸಿಕದ ಪ್ರಕಾರ ಬೇಕನ್ ಉಪ್ಪುಪ್ಪಾಗಿ ಗರಿಗರಿಯಾಗಿರಬೇಕು. ನಮ್ಮ ಡಬ್ಬಿಯಲ್ಲಿ ಮಜ್ಜಿಗೆ ಮೆಣಸಿನಕಾಯಿ ಇತ್ತು. ಸಮಸ್ಯೆ ಇತ್ಯರ್ಥ! ಹನ್ನೆರಡು ಕರಿದೆ. ಮೂವರೂ ಕೆಮ್ಮಿದೆವು.

ಮುಂದಿನ ಕ್ರಮ: ಮ್ಯಾಕರೋನಿಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸತಕ್ಕದ್ದು. ತೆರೆದ ಪಾತ್ರೆಯಲ್ಲಿಯೆ? ಗ್ಯಾಸ್ ಸಿಲಿಂಡರಿಗೆ ವಾರಗಟ್ಟಲೆ ಕಾಯುವ ಕಾಲದಲ್ಲಿ ಇಂಥ ಅಪವ್ಯಯವೆ? ಬೇಳೆಯಂತೆ ಮೂರು ಸಲ ತೊಳೆದೆ, ಅರ್ಧ ಗಂಟೆ ನೆನೆಸಿದೆ, ತರಕಾರಿ, ಕರಿದ ಮೆಣಸಿನಕಾಯಿ ಸಮೇತ ಕುಕ್ಕರಿಗೆ ಹಾಕಿ ಗಡಿಯಾರ ನೋಡುತ್ತ ನಿಂತೆ.

ಐದನೇ ಸೀಟಿಗೆ ಸುಮಿತ್ರಾ ಹೊರಗಿನಿಂದ ಕೂಗಿದಳು. "ಸಾಕ್ರೀ, ಇಳಸ್ರಿ!"

"ಹತ್ತು ನಿಮಿಷ ಅಂತ ಬರದಾರ. ಇನ್ನೂ ಮೂರು ಅದಾವ!"

ಮುಚ್ಚಳ ತೆಗೆದೆ. ಮ್ಯಾಕರೋನಿ ಇರಲಿಲ್ಲ. ಹೀರೆಕಾಯಿಯೂ ಇರಲಿಲ್ಲ. ಕೆಂಪನೆಯ ಒಂದು ಮುದ್ದೆ ಇತ್ತು! ಸೌಟು ಊರಿದೆ, ನೆಟ್ಟಗೆ ನಿಂತಿತು.

"ಅರೇ ಬಾಪರೇ, ಅಪ್ಪಾ! ಇದರಿಂದ ಕಾಲೇಜ್ ಗ್ಯಾದರಿಂಗಿನ ಪೋಸ್ಟರ್ ಹಚ್ಚಬಹುದು!" ಎಂದಳು ವಿದ್ಯಾ.

ಸುಮಿತ್ರಾ ಒಂದು ಚಮಚ ಬಾಯಿಗಿಟ್ಟು, ಎರಡು ಲೋಟ ನೀರು ಕುಡಿದಳು.

"ನಾ ಸೋತೆ. ನಿನ್ನ ಹೋಗೂದು ಮುಂದ ಹಾಕು," ಎಂದೆ ತಲೆ ತಗ್ಗಿಸಿ.

"ಯಾಕ? ಬ್ಯಾಗ್ ತುಂಬಿ ಇಟ್ಟೇನಿ. ಮೂಲಿ ಹೋಟೆಲ್ ಶೆಟ್ಟರಿಗೆ ಮೊನ್ನೇನ ಹೇಳೇನಿ. ಎಂಟೂ ದಿನ ನಿಮಗ ಡಬ್ಬಿ ಬರ್ತದ."

"ಮೊನ್ನೇನ? ಮತ್ತ ಇವತ್ತಿನ ಪರೀಕ್ಷಾ?"

"ನಿಮಗ ಭಾಳ ಹುರುಪು ಬಂದಿತ್ರಿ. ಯಾಕ ಮುರೀಬೇಕು ಅಂತ ಸುಮ್ಮನಿದ್ದೆ."

ಹಚ್ಚಿದ ಅವಲಕ್ಕಿ ತಿಂದು ಊಟದ ಶಾಸ್ತ್ರ ಮುಗಿಸಿದೆವು. ಕುಕ್ಕರನ್ನಾದರೂ ನಾನೇ ತೊಳೆಯುತ್ತೇನೆಂದು ಹಟ ಹಿಡಿದೆ. ಎಂಟೂವರೆಗೆ ತಿಕ್ಕಿ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡೆ.

ಸುಮಿತ್ರಾ ಬಂದು ನೋಡಿದಳು. ಎತ್ತಿಕೊಂಡು ಮತ್ತೊಮ್ಮೆ ತಿಕ್ಕಿದಳು.