ಆರು ಹೆಸರಿನ ಚೀಟಿ

ಆರು ಹೆಸರು ಬರೆಯುವುದೇನು ಮಹಾ! ಮಾನ್ವಿ, ದೇವದುರ್ಗಗಳಲ್ಲಿ ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ, ಹಾಜರಿ ಕೂಗುವಾಗಲೇ ಮಕ್ಕಳ ಯೋಗ್ಯತೆ ಅಳೆದ ಕಣ್ಣು ನನ್ನದು. ಈ ಸಲ ಪ್ರಥಮ ಸ್ಥಾನ ನನ್ನದೇ ಎಂದು ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ಕನ್ನಡಿ ವಿರೋಧಿಸಲಿಲ್ಲ!

ವಿಷಯವಿಷ್ಟೆ. ಅಂದು, ನಿವೃತ್ತಿಯ ನಂತರ ನಾವು ನೆಲೆಸಿರುವ ರಾಯಚೂರಿನ ಮೈದಾನದಲ್ಲಿ ಮಾನ್ವಿ ಮತ್ತು ದೇವದುರ್ಗದ ಹುಡುಗಿಯರ ಬೇಸ್‌ಬಾಲ್ ಪಂದ್ಯ. ನನ್ನ ಗೆಳೆಯ, ನಿವೃತ್ತ ದೈಹಿಕ ಶಿಕ್ಷಕ ಸತ್ತಾರ್ ಸಾಬ್ ಮೊಬೈಲಿನಲ್ಲಿ ಕಂಡ ಅಮೆರಿಕದ ಆಟವೊಂದನ್ನು ನಮಗೂ ಹಚ್ಚಿದ್ದರು. ಎರಡೂ ತಂಡಗಳಿಂದ ನಮಗೆ ಬೇಕಾದವರನ್ನು ಆರಿಸಿ, ಚೆಂಡೆಸೆಯುವವಳೊಬ್ಬಳು, ಹೊಡೆಯುವವರು ಐವರು, ಹೀಗೆ ಆರು ಹೆಸರು ಬರೆದು ಡಬ್ಬಿಗೆ ಹಾಕಬೇಕು. ಎಸೆಯುವವಳು ಒಬ್ಬರನ್ನು ಔಟ್ ಮಾಡಿದರೆ ನಮಗೊಂದು ಅಂಕ. ಹೊಡೆಯುವವಳು ಓಡಿ, ಮೈದಾನದ ನಾಲ್ಕು ಮೂಲೆಗಿಟ್ಟ ಬೇಸ್ ಎಂಬ ಗುರುತುಗಳಲ್ಲಿ ಒಂದೊಂದು ಮುಟ್ಟಿದರೂ ಒಂದೊಂದು ಅಂಕ. ಔಟಾದರೆ ಒಂದು ಖೋತಾ.

ನನ್ನ ಹೆಂಡತಿ ಬಸವಂತಮ್ಮ ತಾನೂ ಒಂದು ಚೀಟಿ ಕೇಳಿದಳು.

"ನಿನಗೇನ ತಿಳೀತದ ಇದರಾಗ?" ಎಂದು ನಕ್ಕೆ.

"ತಿಳೀಲಿಲ್ಲಂದ್ರ ನಿಮಗ ಚಲೋ ಆತಲ್ರಿ! ನಾ ಗೆದ್ರ ಸ್ಕೂಟಿ ಕೀಲಿ ನನಗ. ನೀವು ಗೆದ್ರ, ನಾ ಇನ್ನೊಮ್ಮಿ ಸ್ಕೂಟಿ ಹೆಸರ ಎತ್ತಂಗಿಲ್ಲ."

ಹನ್ನೊಂದು ವರ್ಷಗಳಿಂದ ಆಕೆ ಆ ಕೀಲಿ ಕೇಳುತ್ತಿದ್ದಳು. ಹನ್ನೊಂದು ವರ್ಷಗಳಿಂದ ನಾನು "ಬಿದ್ದಗಿದ್ದೀ" ಎನ್ನುತ್ತಿದ್ದೆ. ಒಂದೇ ಪಂದ್ಯದಲ್ಲಿ ಶಾಶ್ವತ ಶಾಂತಿ! ತಕ್ಷಣ ಒಪ್ಪಿಬಿಟ್ಟೆ.

ಎರಡೂ ಊರಿನ ಅನ್ನ ಉಂಡವನು ನಾನು, ಪಕ್ಷಪಾತಿ ಎನಿಸಿಕೊಳ್ಳಬಾರದು. ಆದ್ದರಿಂದ ಎಸೆಯಲು ಮಾನ್ವಿಯ ಆತಿಯಾ; ಹೊಡೆಯಲು ದೇವದುರ್ಗದ ಯಶೋಧಾ ಮತ್ತು ಆಕೆಯದೇ ತಂಡದ ನಾಲ್ವರು. ಎಂಥ ಸಮನ್ಯಾಯ! ತಕ್ಕಡಿಯೇ ನಾಚಬೇಕು! ಚೀಟಿಯನ್ನು ಗಂಭೀರವಾಗಿ ಡಬ್ಬಿಗೆ ಹಾಕಿ, ಹೆಂಡತಿಗೆ ಹೆಸರುಗಳನ್ನು ಓದಿ ಹೇಳಿದೆ.

ಆಕೆ ಕೆನ್ನೆಗೆ ಕೈ ಹಚ್ಚಿದಳು. "ಅಲ್ರೀ, ಆತಿಯಾ ಚೆಂಡು ಒಗಿಯೂದು ಯಾರಿಗಿ? ದೇವದುರ್ಗದವರಿಗಿ! ಆಕಿ ಚಲೋ ಒಗದ್ರ ನಿಮ್ಮ ಐದೂ ಹುಡುಗ್ಯಾರು ಔಟ್. ಅವರು ಚಲೋ ಹೊಡದ್ರ ಆತಿಯಾ ಹಾಳು. ಅತ್ತಿ ಸೊಸಿಗಿ ಜಗಳ ಹಚ್ಚಿ, ಇಬ್ಬರೂ ಗೆಲ್ರಿ ಅಂತೀರೇನು?"

ನಾನು ಡಬ್ಬಿಯತ್ತ ಕೈ ಚಾಚಿದೆ. "ಸತ್ತಾರ್ ಸಾಬ್, ಒಂದ ಸಣ್ಣ ತಿದ್ದುಪಡಿ..."

"ಬಿಲ್ಕುಲ್ ಇಲ್ಲ ಮಾಸ್ತರ್! ಗಂಟಿ ಬಾರಿಸಿದ ಮ್ಯಾಲ ನೀವು ಯಾರಿಗರ ಪೇಪರ್ ತಿರುಗಿ ಕೊಟ್ಟೀರೇನ್ರಿ?"

ಪಂದ್ಯ ಶುರುವಾಯಿತು. ಆತಿಯಾಳ ಆ ಎಸೆತವನ್ನು ಏನೆಂದು ಹೊಗಳಲಿ! ತೋಳು ಬೀಸಿದ್ದಷ್ಟೇ ಕಂಡಿತು. ಚೆಂಡು ಆಗಲೇ ಯಶೋಧಾಳ ಹಿಂದೆ ಕುಳಿತವಳ ಕೈಗವಸಿನಲ್ಲಿತ್ತು. ಮೂರು ಸಲವೂ ಹೀಗೇ ಆಗಿ ಯಶೋಧಾ ಔಟ್! ನಾನು ಚಪ್ಪಾಳೆ ತಟ್ಟಿದೆ. ತಟ್ಟಿದ ಕೈಯನ್ನೇ ತಲೆಯ ಮೇಲೆ ಹೊತ್ತುಕೊಂಡೆ. ಒಂದು ಬಂತು, ಒಂದು ಹೋಯಿತು!

"ಮಾಸ್ತರ್, ನೀವು ಯಾರ ಕಡಿ?" ಎಂದರು ಸತ್ತಾರ್ ಸಾಬ್.

"ಇಬ್ಬರ ಕಡಿನೂ!"

"ಹಂಗಾದ್ರ ಇಬ್ಬರ ಸೋಲೂ ನಿಮ್ದ!"

ಬಸವಂತಮ್ಮ ಆತಿಯಾಳ ಜೊತೆಗೆ ಮಾನ್ವಿಯ ಹೊಡೆಯುವವರನ್ನೇ ಬರೆದಿದ್ದಳು. ಅವರಲ್ಲೊಬ್ಬಳಾದ ದಿಲ್ಶಾದ್ ಹೊಡೆಯಲು ಬಂದಾಗ ಮೆಲ್ಲಗೆ, "ಮೊದಲನೇ ಚೆಂಡು ಬಿಡ್ತಾಳ. ಎರಡನೇದು ನೋಡ್ರಿ" ಎಂದಳು. ಎರಡನೆಯದು ಗಡಿಗೆರೆಯ ಆಚೆ ಹೋಗಿ ಬಿತ್ತು! "ಓಡ ಯವ್ವಾ, ಓಡ! ನಾಕೂ ಬೇಸ್ ಮುಟ್ಟ!" ಎಂದು ಎದ್ದು ಕೂಗಿದಳು. ಇಷ್ಟು ಸೂಕ್ಷ್ಮವಾಗಿ ಪಾಠ ಕೇಳಿದ ವಿದ್ಯಾರ್ಥಿ ನನ್ನ ಮೂವತ್ತಾರು ವರ್ಷಗಳಲ್ಲಿ ಒಬ್ಬರೂ ಸಿಗಲಿಲ್ಲ. ನಾನು ಸೋಲುವುದನ್ನು ಮರೆತು ಆಕೆಯನ್ನೇ ನೋಡುತ್ತ ಕುಳಿತೆ.

"ಅಕ್ಕಾರಿಗಿ ಹದಿನೇಳು!" ಸತ್ತಾರ್ ಸಾಬ್ ಸಾರಿದರು. "ಮಾಸ್ತರಿಗಿ ಆತಿಯಾ ತಂದಿದ್ದು ಒಂಬತ್ತು, ದೇವದುರ್ಗದವರು ಕಳದಿದ್ದು ಒಂಬತ್ತು. ಪೂರಾ ಸೊನ್ನಿ!"

ಗೇಟಿನ ಹೊರಗೆ ಕೀಲಿ ಕೊಟ್ಟೆ. "ನೋಡು, ಇದು ಬ್ರೇಕು..." ಎನ್ನುವಷ್ಟರಲ್ಲಿ ಆಕೆ ಸ್ಟ್ಯಾಂಡ್ ತೆಗೆದು, ಎರಡು ಆಟೋಗಳ ನಡುವಿನಿಂದ ಹೂವೆತ್ತಿದಂತೆ ಗಾಡಿ ತಿರುಗಿಸಿ ನನ್ನೆದುರು ತಂದು ನಿಲ್ಲಿಸಿದಳು!

"ಯಾರು ಕಲಿಸಿದ್ರು?"

"ಆತಿಯಾ. ಆಕಿ ಕಾಲೇಜು ಇಲ್ಲೇ ರಾಯಚೂರಾಗ ಅದಲ್ರಿ. ಇಲ್ಲೇ ಮಾನ್ವಿ ಹುಡುಗ್ಯಾರ ಪ್ರಾಕ್ಟೀಸ್ ನೋಡಕೋತ ಕೂಡ್ತಿದ್ದೆ, ಮುಗದ ಮ್ಯಾಲ ಕಲಿಸ್ತಿದ್ಲು. ಮೂರು ತಿಂಗಳಾತು."

"ಯಾವ ಗಾಡಿ ಮ್ಯಾಲ?"

"ಇದರ ಮ್ಯಾಲನ. ನೀವು ಉಂಡು ಐದರ ತನಕ ಗೊರಕಿ ಹೊಡಿತೀರಲ್ಲ, ಆವಾಗ."

"ಮತ್ತ ಕೀಲಿ ಯಾಕ ಕೇಳಿದಿ?"

"ಕದ್ದು ಓಡಸೂದು ಸಾಕಾಗಿತ್ರಿ. ಹತ್ರಿ ಹಿಂದ. ಮೂರು ತಿಂಗಳಿಂದ ಗಾಡಿ ಪೆಟ್ರೋಲ್ ಭಾಳ ಕುಡೀತದ ಅಂತ ಮೆಕ್ಯಾನಿಕ್ ಪೀರಾ ಸಾಬ್‌ಗ ಬಾಯಿಗಿ ಬಂದಂಗ ಬೈದೀರಲ್ಲ, ಮೊದಲ ಅವರ ಹತ್ರ ಹೋಗಿ ಮಾಫಿ ಕೇಳೂಣು. ಗಾಡಿ ನಾನ ಓಡಸ್ತೀನಿ!"