ಜಪಾನ್ ಮಾಸ್ತರನ ಕಸಬರಿಗೆ

ಫೋಟೋದಲ್ಲಿ ಗುರುದತ್ತನ ತಲೆಗೆ ಬಿಳಿ ವಸ್ತ್ರ ಸುತ್ತಿತ್ತು, ಕೈಯಲ್ಲಿ ಉದ್ದನೆಯ ಕಸಬರಿಗೆ ಇತ್ತು, ಮುಖದಲ್ಲಿ ಮಾತ್ರ ಈಗಷ್ಟೇ ಪ್ರಶಸ್ತಿ ತಗೊಂಡವರ ನಗು. ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಬೆಳಿಗ್ಗೆ ದೋಸೆ ತಿನ್ನುತ್ತಿದ್ದ ಗುರುದತ್ತನ ಮೂಗಿನ ಬುಡಕ್ಕೇ ಒಡ್ಡಿದವನು ಪಕ್ಕದ ಮನೆಯ ದುರ್ಗಪ್ಪ.

"ಎಂತದಾ ತಮ್ಮಾ ಇದು? ನೀ ಜಪಾನಿಗೆ ಹೋದದ್ದು ಮಾಸ್ತರಿಕೆಗೋ, ಕಸ ಹೊಡೂಕೋ?"

ಗುರುದತ್ತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ರಜೆಗೆ ಊರಿಗೆ ಬಂದಿದ್ದ ಶಿರಾಲಿಯ ಈ ಹುಡುಗ ಜಪಾನಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಕಲಿಸುವುದು ಹೊಟ್ಟೆಪಾಡು, ಫೋಟೋ ತೆಗೆಯುವುದು, ತೆಗೆಸಿಕೊಳ್ಳುವುದು ಹುಚ್ಚು. ಸೈಕಲ್ಲಿನ ಮೇಲೆ ಬಿದ್ದ ಹಿಮ, ಊಟದ ಡಬ್ಬಿ, ಶಾಲೆಯ ಬಾಗಿಲಲ್ಲಿ ಸಾಲಾಗಿ ಇಟ್ಟ ಚಪ್ಪಲಿ, ಕಂಡದ್ದೆಲ್ಲವೂ ಅವನ ಮೊಬೈಲಿನ ಸ್ಟೇಟಸ್ಸಿಗೆ ಏರುತ್ತಿತ್ತು. ಕಸಬರಿಗೆಯೂ ಹಾಗೇ ಏರಿತ್ತು. ಅದು ಸಮುದ್ರ ದಾಟಿ ಇಲ್ಲಿಗೆ ಬಂದು ತನ್ನ ದೋಸೆಗೆ ಅಡ್ಡ ಬೀಳುತ್ತದೆಂದು ಅವನು ಎಣಿಸಿರಲಿಲ್ಲ.

"ಅಲ್ಲಿ ಶಾಲೇಲಿ ಜವಾನ್ರು ಇರೂದಿಲ್ಲ ದುರ್ಗಪ್ಪಣ್ಣ. ಊಟ ಆದ್ಮೇಲೆ ಮಕ್ಕಳು, ಮಾಸ್ತರ್ರು ಎಲ್ಲಾ ಸೇರಿ ಕಸ ಹೊಡೂದು. ಅದು ಅಲ್ಲಿಯ ಪದ್ಧತಿ."

"ಹಾಗಾರೆ ಹೆಡ್ಮಾಸ್ತರ್ರು ಎಂತ ಮಾಡೂದು?"

"ಅವರು ಗಟಾರ ಚೊಕ್ಕ ಮಾಡ್ತಾರೆ."

ದುರ್ಗಪ್ಪ ಗುರುದತ್ತನ ತಾಯಿ ಗಂಗಾಳ ಕಡೆ ತಿರುಗಿ, ಸಾವಿನ ಮನೆಗೆ ಬಂದವರಂತೆ ನಿಟ್ಟುಸಿರು ಬಿಟ್ಟ. ಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೇಲಿ ತಿಂದ ಬಟ್ಲು ಎತ್ತದವ ಇವ. ಬೇರೆಯವ್ರ ಊರಲ್ಲಿ ಕಸ ಹೊಡೀತಾನೆ ಅಂದ್ರೆ!"

"ಈ ಫೋಟೋ ನಿಮಗೆ ಕಳಿಸಿದ್ದು ಯಾರು?" ಗುರುದತ್ತ ಕೇಳಿದ.

"ಕಾಸರಕೋಡದಿಂದ್ಲೇ ಬಂದದ್ದು. ಹೆಣ್ಣಿನ ಮನೆಯವ್ರೇ ಎಲ್ಲರಿಗೂ ಕಳಿಸ್ತಾ ಇದ್ದಾರಂತೆ."

ಗುರುದತ್ತ ತಟ್ಟೆಯನ್ನು ದೂರ ಸರಿಸಿದ. ಹೊನ್ನಾವರದ ಪಕ್ಕದ ಕಾಸರಕೋಡದ ಜಟ್ಟಪ್ಪನ ಮಗಳು ವಿನುತಾ ಕುಮಟಾದ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಎರಡು ತಿಂಗಳಿಂದ ಫೋನಿನಲ್ಲಿ ಮಾತಾಡಿ ಮಾತಾಡಿ, ಮದುವೆಯಾದರೆ ಇವಳನ್ನೇ ಎಂಬಲ್ಲಿಗೆ ಅವನು ಬಂದು ಮುಟ್ಟಿದ್ದ. ಇವತ್ತು ಸಂಜೆ ಅವಳ ಮನೆಯಲ್ಲಿ ಮಾತು ಗಟ್ಟಿ ಮಾಡುವುದೆಂದು ಆಗಿತ್ತು. ಅವರೇ ಹೀಗೆ ಆಡಿಕೊಂಡು ನಗುತ್ತಿದ್ದಾರೆಂದರೆ? ಅವನು ವಿನುತಾಳಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಆಗಲೂ ಇಲ್ಲ.

ಹೇಗಾದರೂ ಮಾಡಿ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಅವನು ತನ್ನ ಉಳಿದ ಫೋಟೋಗಳನ್ನು ದುರ್ಗಪ್ಪನಿಗೆ ತೋರಿಸಿದ. ಅಲ್ಲಿಂದಲೇ ಕೆಲಸ ಇನ್ನಷ್ಟು ಕೆಟ್ಟಿತು. ಮೊದಲನೆಯದರಲ್ಲಿ ಅವನು ಬಿಳಿ ಟೊಪ್ಪಿ ಹಾಕಿ ಸೌಟು ಹಿಡಿದಿದ್ದ. ಮುಂದಿನದರಲ್ಲಿ ಶಾಲೆಯ ಗೇಟಿನಲ್ಲಿ ಹಳದಿ ಬಾವುಟ ಹಿಡಿದು ಬರುವವರಿಗೆಲ್ಲ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಇನ್ನೊಂದರಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಕೀಳುತ್ತಿದ್ದ.

"ಅಡಿಗೆ ಭಟ್ಟ, ವಾಚ್ಮನ್, ತೋಟದ ಆಳು," ಎಂದು ದುರ್ಗಪ್ಪ ಬೆರಳು ಮಡಚಿದ. "ಇಷ್ಟೆಲ್ಲಾ ಮಾಡ್ಸಿ ಒಂದೇ ಪಗಾರ ಕೊಡೂದಾ? ಪಾಠ ಮಾಡೂ ಫೋಟೋ ಎಲ್ಲಿ?"

ಪಾಠ ಮಾಡುವ ಫೋಟೋ ಒಂದೂ ಇರಲಿಲ್ಲ. ಮಕ್ಕಳ ಮುಖ ಹೊರಗೆ ಕಾಣಿಸಬಾರದೆಂದು ಆ ಶಾಲೆಯ ಕಟ್ಟುನಿಟ್ಟು. ಇದನ್ನು ಹೇಳಿದಾಗ ದುರ್ಗಪ್ಪ "ಆತು ಬಿಡು" ಎಂದ. ಆ ಎರಡು ಶಬ್ದದಲ್ಲಿ ಇದ್ದ ಅನುಮಾನ ಪೊಲೀಸ್ ಠಾಣೆಯಲ್ಲೂ ಸಿಗಲಿಕ್ಕಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಶಿರಾಲಿಗೆಲ್ಲ ಸುದ್ದಿ ಮುಟ್ಟಿತ್ತು. ಮೀನು ಮಾರುವ ಲಕ್ಕಿ ಬಾಗಿಲಿಗೆ ಬಂದವಳು, ಕೇಳದೆಯೇ ನಾಲ್ಕು ಬಂಗುಡೆ ಹೆಚ್ಚು ಹಾಕಿ, "ತಿನ್ನಲಿ ಪಾಪ, ಅಲ್ಲಿ ಎಂತ ಕಷ್ಟವೋ" ಎಂದು ಹೋದಳು. ಸಂಜೆಗೆಂದು ಗಡ್ಡ ಬೋಳಿಸಿಕೊಳ್ಳಲು ಹೋದರೆ ಕ್ಷೌರದ ವಿನೋದ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿ ಹಿಡಿದು, ಕಿವಿಯ ಹತ್ತಿರ ಬಗ್ಗಿದ.

"ಗುರಣ್ಣ, ನಮ್ಮ ಅಳಿಯ ಮನೇಲೇ ಕೂತ್ಕಂಡು ತಿಂತಾ ಇದ್ದಾನೆ. ಅಲ್ಲಿ ಅವಂಗೂ ಒಂದು ಕಸಬರಿಗೆ ಕೊಡ್ಸೂಕಾಗ್ತದಾ?"

ಕುತ್ತಿಗೆಯ ಮೇಲೆ ಕತ್ತಿ ಇದ್ದುದರಿಂದ ಗುರುದತ್ತ ನೋಡೋಣ ಎಂದ.

ಸಂಜೆ ಕಾಸರಕೋಡಕ್ಕೆ ಹೋಗುವ ಕಾರಿನಲ್ಲಿ ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಹಿರಿಯರೊಬ್ಬರು ಬೇಕೆಂದು ತಾನಾಗಿ ಹತ್ತಿದ್ದ ದುರ್ಗಪ್ಪ ಬಾಯಿ ಮುಚ್ಚಲಿಲ್ಲ. ಗುರುದತ್ತನ ತಲೆಯಲ್ಲಿ ಒಂದೇ ಹಟ: ನಾನು ಮಾಸ್ತರ, ಜವಾನನಲ್ಲ, ಅದನ್ನು ಇವತ್ತು ಎಲ್ಲರ ಎದುರಿಗೆ ತೋರಿಸಿಯೇ ಬಿಡುತ್ತೇನೆ.

ಜಟ್ಟಪ್ಪನ ಮನೆಯ ಜಗಲಿಯಲ್ಲಿ ನೆಂಟರು ತುಂಬಿದ್ದರು. ಅವನ ಹೆಂಡತಿ ಕಲ್ಪನಾ ಚಹಾದ ತಟ್ಟೆ ಹಿಡಿದು ಬಂದಳು. ವಿನುತಾ ಬಾಗಿಲ ಹತ್ತಿರ ನಿಂತು ಗುರುದತ್ತನನ್ನು ನೋಡಿ ನಕ್ಕಳು. ಆ ನಗುವೂ ಅವನಿಗೆ ತನ್ನನ್ನು ಆಡಿಕೊಂಡಂತೆಯೇ ಕಂಡಿತು.

ಜಟ್ಟಪ್ಪ ಗಂಟಲು ಸರಿಮಾಡಿಕೊಂಡ. "ನಿಮ್ಮ ಆ ಫೋಟೋ ಎಲ್ಲಾ ನೋಡಿದ್ವಿ. ಅದನ್ನ ನೋಡಿ ನಾವು..."

"ಅದೆಲ್ಲಾ ಸುಳ್ಳು!" ಗುರುದತ್ತ ಎದ್ದು ನಿಂತ. "ನಾನು ಆ ಕೆಲಸ ಮಾಡೂದಿಲ್ಲ. ಬೇಕಾದ್ರೆ ನಮ್ಮ ಹೆಡ್ಮಾಸ್ತರ್ರನ್ನೇ ಕೇಳಿ!"

ಯಾರಾದರೂ ತಡೆಯುವ ಮೊದಲೇ ಅವನು ಜಪಾನಿಗೆ ವಿಡಿಯೋ ಕರೆ ಹಚ್ಚಿ, ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅಲ್ಲಿ ಆಗಲೇ ರಾತ್ರಿ; ಪರದೆಯ ಮೇಲೆ ಕೊರಳಿಗೆ ಟವೆಲ್ ಸುತ್ತಿ, ಇನ್ನೂ ಶಾಲೆಯ ನೆಲ ಒರೆಸುತ್ತಿದ್ದ ಒಬ್ಬ ಮುದುಕರು ಕಾಣಿಸಿಕೊಂಡರು.

"ಇವ್ರು ಜವಾನನಾ?" ದುರ್ಗಪ್ಪ ಕೇಳಿದ.

"ಹೆಡ್ಮಾಸ್ತರ್ರು!" ಎಂದು ಗುರುದತ್ತ ಹಲ್ಲು ಕಡಿದ. ಆಮೇಲೆ ಇಂಗ್ಲಿಷಿನಲ್ಲಿ, ನಾನು ಅಲ್ಲಿ ಕಸ ಹೊಡೆಯುತ್ತೇನೆಯೇ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ಅವರನ್ನು ಕೇಳಿದ.

ಹೆಡ್ಮಾಸ್ತರರ ಮುಖ ಗಂಭೀರವಾಯಿತು. ಬಹಳ ದಿನದಿಂದ ಹೇಳಬೇಕೆಂದಿದ್ದು, ಸಂಕೋಚಕ್ಕೆ ಬಿಟ್ಟ ಮಾತೊಂದು ಅವರ ಬಾಯಿಗೆ ಬಂದಂತಿತ್ತು.

"ಗುರು ಸಾನ್... ನೋ ಕ್ಲೀನಿಂಗ್," ಎಂದರು ಅವರು. "ಚಿಲ್ಡ್ರನ್ ಕ್ಲೀನಿಂಗ್. ಐ ಕ್ಲೀನಿಂಗ್. ಗುರು ಸಾನ್, ಓನ್ಲಿ ಫೋಟೋ. ಎವ್ರಿಡೇ, ಫೋಟೋ."

"ಮತ್ತೆ ಊಟ ಬಡಿಸೂದು? ಅದನ್ನೂ ಕೇಳಿ," ಎಂದು ವಿನುತಾ ಮೆಲ್ಲಗೆ ಹೇಳಿದಳು. ಗುರುದತ್ತ ಖುಷಿಯಿಂದಲೇ ಕೇಳಿದ.

"ಸರ್ವಿಂಗ್, ಫೋಟೋ. ಗಾರ್ಡನ್, ಫೋಟೋ. ಈಟಿಂಗ್..." ಹೆಡ್ಮಾಸ್ತರರು ಒಳ್ಳೆಯದೊಂದು ಮಾತು ಸಿಕ್ಕಿತೆಂದು ಸಮಾಧಾನದಿಂದ ತಲೆದೂಗಿದರು. "ಈಟಿಂಗ್, ವೆರಿ ಗುಡ್."

"ಕೇಳಿದ್ರಾ?" ಗುರುದತ್ತ ಕೇಸು ಗೆದ್ದ ವಕೀಲನಂತೆ ಜಗಲಿಯ ತುಂಬ ನೋಡಿದ. "ಕಸಬರಿಗೆ ಹಿಡಿದದ್ದು ಬರೀ ಫೋಟೋಕ್ಕೆ!"

ಕಲ್ಪನಾ ಚಹಾದ ತಟ್ಟೆಯನ್ನು ಇಳಿಸದೆ ಹಾಗೇ ವಾಪಸು ಒಳಗೆ ಒಯ್ದಳು.

"ಆ ಫೋಟೋ ಎಲ್ಲರಿಗೂ ಕಳಿಸಿದ್ದು ನಾನೇ," ಎಂದಳು ವಿನುತಾ. ಅವಳ ಮುಖದ ಬಣ್ಣ ಹಾರಿತ್ತು.

"ನೀವಾ? ಯಾಕೆ?"

"ಹೆಮ್ಮೆಗೆ. ಜಪಾನು ಅಷ್ಟು ದೂರ, ಬೇಡವೇ ಬೇಡ ಅಂತ ಅಪ್ಪ ಹಟ ಹಿಡಿದಿದ್ರು. ಗುಡಿಸ್ತಾರೆ, ಬಡಿಸ್ತಾರೆ, ಯಾವ ಕೆಲಸಕ್ಕೂ ನಾಚಿಕೆ ಇಲ್ಲ, ಇಂಥವರು ಎಲ್ಲಿ ಸಿಗ್ತಾರೆ ಅಂತ ಆ ಫೋಟೋ ತೋರ್ಸಿಯೇ ನಾನು ಅವರನ್ನ ಒಪ್ಪಿಸಿದ್ದು."

ಜಟ್ಟಪ್ಪ ತಲೆ ತುರಿಸಿಕೊಂಡ. "ನಾ ಅದನ್ನೇ ಹೇಳೂಕೆ ಹೊರಟಿದ್ದೆ. ನೀವು ಬಾಯಿ ತೆಗೀಲಿಕ್ಕೇ ಬಿಡಲಿಲ್ಲ ಮಾಸ್ತರ್ರೇ."

ಬೆಳಿಗ್ಗೆಯಿಂದ ಗುರುದತ್ತ ಬೆವರು ಸುರಿಸಿ ಒರೆಸಿ ಹಾಕಿದ್ದು ತನ್ನ ಸ್ವಂತ ಪುಣ್ಯವನ್ನೇ. ಸುತ್ತ ನೋಡಿದ. ಜಗಲಿಯ ಮೂಲೆಯಲ್ಲಿ ಒಂದು ಕಸಬರಿಗೆ ಒರಗಿಸಿಟ್ಟಿತ್ತು. ಹಿಂದೆಮುಂದೆ ನೋಡದೆ ಅದನ್ನು ಎತ್ತಿಕೊಂಡು ಅಂಗಳಕ್ಕೆ ಹಾರಿದ.

ಜನ್ಮದಲ್ಲಿ ಮೊದಲ ಸಲ ಅವನು ನಿಜವಾಗಿ ಕಸ ಹೊಡೆದ. ಸಮುದ್ರದ ಗಾಳಿಗೆ ಎದುರಾಗಿ ಹೊಡೆದದ್ದರಿಂದ ಗುಡಿಸಿದ್ದೆಲ್ಲ ತಿರುಗಿ ಅವನ ಹೊಸ ಅಂಗಿಗೇ ಬಂತು. ಆದರೂ ಬಿಡಲಿಲ್ಲ. ಅಂಗೈ ಉರಿಯಿತು, ಸೊಂಟ ಹಿಡಿಯಿತು, ಕಣ್ಣಿಗೆ ಧೂಳು ಹೊಕ್ಕಿತು. ಇಷ್ಟು ಮನಸ್ಸಿಟ್ಟು ಅವನು ಪಾಠವನ್ನೂ ಮಾಡಿರಲಿಲ್ಲ. ವಿನುತಾ ಮೆಟ್ಟಿಲಿಗೆ ಬಂದು ನಿಂತು ನೋಡಿದಳು. ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಆಗಲೇ ದುರ್ಗಪ್ಪನ ಮೊಬೈಲು ಫಳ್ಳೆಂದು ಮಿಂಚಿತು. "ಹಾಂ, ಹಾಗೇ ನಿಂತ್ಕ ತಮ್ಮಾ. ಮುಖ ಸ್ವಲ್ಪ ಈಚೆ ಮಾಡು, ಇನ್ನೊಂದು ತೆಗೀತೆ!"

ರೂಢಿ ಕೆಟ್ಟದ್ದು. ಕ್ಯಾಮೆರಾ ಕಂಡ ಕೂಡಲೇ ಗುರುದತ್ತನ ಮುಖ ತಾನಾಗಿ ಈಚೆ ತಿರುಗಿ, ಅದೇ ಪ್ರಶಸ್ತಿಯ ನಗು ನಕ್ಕಿತು.

"ಫೋಟೋ ಆತಲ್ಲ, ಇನ್ನು ಕಸಬರಿಗೆ ಇಟ್ಬಿಡಿ," ಎಂದು ವಿನುತಾ ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಅಂಗಳದವರೆಗೂ ಕೇಳಿಸಿತು.

ಮಾತು ಗಟ್ಟಿಯಾಗದೆ ಕಾರು ಶಿರಾಲಿಗೆ ತಿರುಗಿತು. ಕಾಸರಕೋಡ ಹಿಂದೆ ಬೀಳುವಷ್ಟರಲ್ಲಿ ಗುರುದತ್ತನ ಫೋನು ಹೊಡೆದುಕೊಂಡಿತು. ವಿನುತಾಳೇ ಇರಬೇಕೆಂದು ಅವನು ಹೆಸರೂ ನೋಡದೆ ಎತ್ತಿದ. ಆಚೆ ಕಡೆ ಇದ್ದವನು ಕ್ಷೌರದ ವಿನೋದ.

"ಗುರಣ್ಣ, ದುರ್ಗಪ್ಪ ಕಳಿಸಿದ ಫೋಟೋ ಈಗ ನೋಡ್ದೆ. ನಿಮಗೆ ಕಾಸರಕೋಡದಲ್ಲೇ ಕೆಲಸ ಸಿಕ್ತಂತಲ್ಲ, ಖುಷಿ ಆತು. ಹಾಗಾರೆ ಜಪಾನಿನ ಜಾಗ ನಮ್ಮ ಅಳಿಯಂಗೆ ಕೊಡ್ಸ್ತ್ರಾ?"