ಮುರುಘೇಂದ್ರನ ಸಪ್ತಹಂಪು ದಿಗ್ವಿಜಯ

ಬೀದಿಬೀದಿಗೂ ಹಂಪುಗಳೆಂಬ ಡಾಂಬರಿನ ಗುಡ್ಡಗಳೆದ್ದು, ಆಟೋಗಳ ಅಚ್ಚನ್ನೂ ಹಾಲಿನವರ ಕ್ಯಾನುಗಳನ್ನೂ ಒಂದೇ ಸಮನೆ ಪರೀಕ್ಷಿಸುತ್ತಿದ್ದ ಯುಗವದು. ಆ ಯುಗವನ್ನು ಕಂಡ ಸೂರ್ಯನೇ, ಸಾಕ್ಷಿಯಾಗು. ಆ ನಾಲ್ಕು ಟಯರುಗಳಲ್ಲಿ ಬಂಧಿತನಾಗಿದ್ದ ವಾಯುವೇ, ಕಥೆ ಮುಗಿಯುವ ತನಕ ಇಳಿದುಹೋಗಬೇಡ. ದಾವಣಗೆರೆಯ ಬಡಾವಣೆಯೊಂದರಲ್ಲಿ ಕನ್ನಡಕದ ಅಂಗಡಿಯಿಟ್ಟು ಪುರಜನರ ದೃಷ್ಟಿದೋಷವನ್ನು ನಿವಾರಿಸುತ್ತಿದ್ದವನೂ, ತನ್ನ ದೃಷ್ಟಿದೋಷ ಗೊತ್ತಾಗದೆ ಹದಿಮೂರು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದಕ್ಕೆ ಮೂರನೆಯ ಯಜಮಾನನಾದವನೂ ಆದ ಮುರುಘೇಂದ್ರನ ಪರಾಕ್ರಮವನ್ನು ಹೇಳುತ್ತೇನೆ.

ಆ ಕಾರಾದರೋ ರಕ್ತವರ್ಣಾಂಗಿ, ದ್ವ್ಯಾಸನಸುಂದರಿ, ಸಿಂಹಕಂಠಿ. ಅದರ ಹೊಟ್ಟೆಗೂ ಭೂಮಂಡಲಕ್ಕೂ ನಾಲ್ಕೇ ಬೆರಳಿನ ಅಂತರ. ಇಂಜಿನ್ ಇದ್ದದ್ದು ಸೀಟಿನ ಬೆನ್ನ ಹಿಂದೆ. ಅದನ್ನರಿಯದ ಮೆಕ್ಯಾನಿಕ್ ಒಬ್ಬ ಮುಂದಿನ ಬಾನೆಟ್ ಎತ್ತಿ, ಒಳಗೆ ಸ್ಟೆಪ್ನಿ ಟಯರೊಂದನ್ನು ಮಾತ್ರ ಕಂಡು, "ಸಾರ್, ಇಂಜಿನ್ ಯಾರೋ ಬಿಚ್ಕಂಡು ಹೋಗ್ಯಾರ್ರಿ" ಎಂದು ಸಂತಾಪ ಸೂಚಿಸಿದ್ದ. ಬ್ರೇಕಿನ ಒಂದು ತುಣುಕು ಸವೆದರೆ ಹೊಸದಕ್ಕೆ ಎರಡು ತಿಂಗಳ ತಪಸ್ಸು. ಆದರೂ ವರ್ಷಕ್ಕೆ ನಾಲ್ಕು ಮುಂಜಾವು, ಬೈಪಾಸ್ ಬರಿದಾಗಿರುವಾಗ, ಮುರುಘೇಂದ್ರ ಒಂಬತ್ತು ನಿಮಿಷ ಅದನ್ನು ಬಿಟ್ಟ ಬಾಣದಂತೆ ಓಡಿಸುತ್ತಿದ್ದ. ಉಳಿದ ವರ್ಷವಿಡೀ ಗಿರಾಕಿಗಳು "ಮೇಲಿನ ಸಾಲು ಕಾಣ್ತೈತಿ, ಕೆಳಗಿಂದು ಕಾಣಲ್ಲ" ಅನ್ನುವುದನ್ನು ಕೇಳಿಸಿಕೊಳ್ಳಲು ಆ ಒಂಬತ್ತು ನಿಮಿಷ ಅವನಿಗೆ ಸಾಕಾಗುತ್ತಿತ್ತು.

ತೊಡಕು ಒಂದೇ. ಒಬ್ಬನೇ ಇದ್ದರೆ ತೆವಳಿ ತೆವಳಿ ದಾಟುತ್ತಿದ್ದ ರಕ್ತವರ್ಣಾಂಗಿಯ ಹೊಟ್ಟೆ, ಇಬ್ಬರು ಕೂತರೆ ರಸ್ತೆಯ ಹಂಪಿಗೆ ತಾಗುತ್ತಿತ್ತು. ಆದಕಾರಣ ಅವನ ಧರ್ಮಪತ್ನಿ ಸರ್ವಮಂಗಳ ಪ್ರತಿ ಹಂಪಿನಲ್ಲೂ ಇಳಿದು, ನಡೆದು ದಾಟಿ, ಆಚೆ ಮತ್ತೆ ಹತ್ತುತ್ತಿದ್ದಳು. ಹೀಗೆ ಎರಡು ವರ್ಷ.

ಆಯುಧಪೂಜೆಯ ದಿನ ಬಂತು. ಅಯ್ಯನವರು ಬಾನೆಟ್ ತೆಗೆಸಿ, ಒಳಗಿದ್ದ ಸ್ಟೆಪ್ನಿ ಟಯರಿಗೆ ಭಕ್ತಿಯಿಂದ ಮಂಗಳಾರತಿ ಮಾಡಿದರು. ಚಕ್ರಗಳ ಕೆಳಗೆ ನಿಂಬೆಹಣ್ಣುಗಳು ವೀರಸ್ವರ್ಗ ಸೇರಿದವು. ಅಣ್ಣನ ಮನೆಗೆ ಹಬ್ಬದೂಟಕ್ಕೆ ಹೊರಟ ಸರ್ವಮಂಗಳ ಸೀಟಿನಲ್ಲಿ ಕೂತು ಸೆರಗು ಒಳಗೆಳೆದುಕೊಂಡು ಹೇಳಿದಳು: "ಕೇಳ್ರಿ ಇಲ್ಲಿ. ರೇಷ್ಮೆ ಸೀರಿ ಉಟ್ಟೀನಿ. ಇವತ್ತು ದಾರ್‍ಯಾಗೆ ಒಂದು ಸಲ ನನ್ನ ಇಳಿಸಿದ್ರೂ, ನಾಳೆ ಬನ್ನಿ ಕೊಡೋದ್ರೊಳಗೆ ಈ ಕಾರು ಮಾರ್‍ಬೇಕು. ಒಪ್ಪಿಗೇನಾ?"

ಮುರುಘೇಂದ್ರನಿಗೆ ಹೆದರಿಕೆಯೇನೋ ಆಯಿತು. ಆದರೆ ವೀರರು ಹೆದರಿದಾಗಲೇ ಹೆಚ್ಚು ಮಾತಾಡುತ್ತಾರೆ. "ಕೇಳು ಮಂಗಳೇ! ಸೂರ್ಯನು ಪಡುವಣದಲ್ಲಿ ಮೂಡಿದರೂ, ನಗರಸಭೆ ಹೇಳಿದ ದಿನವೇ ನಲ್ಲಿಯಲ್ಲಿ ನೀರು ಬಂದರೂ, ನಿನ್ನ ಪಾದಕಮಲವು ನಿನ್ನಣ್ಣನ ಬಾಗಿಲಿಗೆ ಮೊದಲು ನೆಲವನ್ನು ಸೋಕದು! ದಾರಿಯ ಏಳು ಹಂಪುಗಳನ್ನೂ ಮೆಟ್ಟಿ ಮೆರೆಯದಿದ್ದರೆ ನಾನು ಮುರುಘೇಂದ್ರನೇ ಅಲ್ಲ!"

"ಆತು, ಮೊದಲು ಬೆಲ್ಟ್ ಹಾಕ್ಕಳ್ರಿ."

ಯುದ್ಧ ಆರಂಭವಾಯಿತು. ಜರತಾರಿ ಸೀರೆಯುಟ್ಟ ಬೀಗಿತ್ತಿಯು ಕೆಸರಿನ ಹೊಂಡವನ್ನು ದಾಟುವಾಗ ಹೇಗೆ ಒಂದು ಹೆಜ್ಜೆಯನ್ನು ಇಟ್ಟು, ಯೋಚಿಸಿ, ಇನ್ನೊಂದನ್ನು ಎತ್ತುವಳೋ ಹಾಗೆ, ಮುರುಘೇಂದ್ರನು ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಿ, ಹಿಂದಿನಿಂದ ಬಂದ ಸಮಸ್ತ ಹಾರ್ನುಗಳ ಶಾಪವನ್ನು ಶಿರದಲ್ಲಿ ಧರಿಸಿ, ಆರು ಹಂಪುಗಳನ್ನು ಜಯಿಸಿದ.

ಏಳನೆಯದು ಗಿರಣಿ ಕೊಟ್ರಪ್ಪನದು. ತನ್ನ ಹಿಟ್ಟಿನ ಗಿರಣಿಯ ಮುಂದೆ ಯಾರೂ ಜೋರಾಗಿ ಹೋಗಕೂಡದೆಂದು ಆತನೇ ಮುಂದೆ ನಿಂತು ಹಾಕಿಸಿದ್ದ, ವರ್ಷಕ್ಕೊಂದು ಪದರ ಏರಿಸುತ್ತಿದ್ದ ಹಂಪು. ಅಂದು ಪೂಜೆಗೆಂದು ಅವನ ಎರಡು ಟೆಂಪೋಗಳು ಬಾಳೆಕಂದು ಕಟ್ಟಿಸಿಕೊಂಡು ರಸ್ತೆಯ ಇಕ್ಕೆಲಗಳಲ್ಲೂ ನಿಂತಿದ್ದವು. ಓರೆಯಾಗಲು ಜಾಗವಿಲ್ಲ. ಮುರುಘೇಂದ್ರ ಹಲ್ಲು ಕಚ್ಚಿ ನೇರವಾಗಿ ನುಗ್ಗಿದ. ಮುಂದಿನ ಚಕ್ರಗಳು ದಾಟಿದವು. ಆಮೇಲೆ ಭೂದೇವಿಯೇ ನರಳಿದಂತೆ ಸದ್ದಾಗಿ, ರಕ್ತವರ್ಣಾಂಗಿ ಹಂಪಿನ ಮೇಲೆ ಹೊಟ್ಟೆಯೂರಿತು. ಹಿಂದಿನ ಚಕ್ರಗಳು ಸುಮ್ಮನೆ ತಿರುಗಿದವು.

ಕೊಟ್ರಪ್ಪ ಹೊರಗೆ ಬಂದ. "ಏನೋ ಮುರುಘಣ್ಣ, ಕಾರು ಕಾವಿಗೆ ಕುಂತಂಗೈತಲ್ಲೋ! ಎಷ್ಟು ದಿನಕ್ಕೆ ಮರಿ?"

ಗಿರಣಿಯ ಹಮಾಲರು ನಕ್ಕರು. ಕೊಟ್ರಪ್ಪ ಬಗ್ಗಿ, ಇನ್ನೂ ಬಗ್ಗಿ, ಕಿಟಕಿಯಲ್ಲಿ ಮುಖವಿಟ್ಟ. "ಇಳಿಯವ್ವ ತಂಗಿ. ನೀ ಇಳಿದ್ರೆ ಅದು ಏಳ್ತೈತಿ."

ಸರ್ವಮಂಗಳೆಯ ಕೈ ಬಾಗಿಲ ಹಿಡಿಯ ಮೇಲಿತ್ತು. ಮುರುಘೇಂದ್ರನಿಗೆ ಬೈಪಾಸಿನ ಮುಂಜಾವುಗಳು ನೆನಪಾದವು. ಆ ಗಳಿಗೆಯಲ್ಲಿ ಅವನಿಗೆ ಒಂದು ಸಂಸ್ಕೃತ ಪದವೂ ಒದಗಲಿಲ್ಲ. "ಇಳೀಬ್ಯಾಡ ಮಂಗ್ಳಾ" ಎಂದ, ಅಷ್ಟೇ.

ಅವಳು ಅವನ ಮುಖ ನೋಡಿದಳು. ಹಿಡಿಯಿಂದ ಕೈ ತೆಗೆದಳು. ಭಾರ ಕಡಿಮೆಯಾದೀತೆಂದು ಎರಡೂ ಕಾಲನ್ನು ಸೀಟಿನ ಮೇಲಕ್ಕೆತ್ತಿಕೊಂಡಳು. "ಉಸಿರೂ ಹಿಡ್ಕಂಡೀನಿ. ಲಗೂನ ಏನಾರ ಮಾಡ್ರಿ."

ಆಗ ಗಿರಣಿಯೊಳಗಿನಿಂದ, ಅಲ್ಲಿಯ ಪೂಜೆಗೂ ಬಂದಿದ್ದ ಅಯ್ಯನವರ ಕೂಗು: "ಕೊಟ್ರಪ್ಪಾ, ರಾಹುಕಾಲಕ್ಕೆ ಐದೇ ನಿಮಿಷ!" ಕೊಟ್ರಪ್ಪನ ನಗು ಅಡಗಿತು. ಕುಂಬಳಕಾಯಿಯನ್ನು ಗಿರಣಿಯ ಹೊಸ್ತಿಲಿಗೆ ನೇರವಾಗಿ ಒಡೆಯಬೇಕು. ಅಲ್ಲಿಯೇ ಹಂಪು, ಹಂಪಿನ ಮೇಲೆ ಈ ಕಾರು. ಒಡೆದಾದ ಮೇಲೆ ಅವನ ಟೆಂಪೋಗಳು ನಿಂಬೆಹಣ್ಣು ಹತ್ತಿ ಮುಂದೆ ಚಲಿಸಬೇಕು. ದಾರಿಗೂ ಈ ಕಾರು ಅಡ್ಡ. ಕೊಟ್ರಪ್ಪ ಕರುವಿನಷ್ಟು ದೊಡ್ಡ ಬೂದುಗುಂಬಳವನ್ನೆತ್ತಿ, ಮೂರು ಸುತ್ತು ನೀವಾಳಿಸಿ, ಕಾರಿನ ಪಕ್ಕಕ್ಕೇ ಹಂಪಿನ ನೆತ್ತಿಯ ಮೇಲೆ ಅಪ್ಪಳಿಸಿದ.

ಕುಂಬಳ ಸಿಡಿಯಿತು. ಕುಂಕುಮಮಿಶ್ರಿತವಾದ, ಲೋಳೆಲೋಳೆಯಾದ ಅದರ ತಿರುಳು, ವರ್ಷಕ್ಕೊಮ್ಮೆ ಬೈಕಿನವರ ಮಂಡಿ ಒಡೆಯುವ ಆ ಮಹಾಸ್ನಿಗ್ಧದ್ರವ್ಯ, ರಕ್ತವರ್ಣಾಂಗಿಯ ಉದರದಡಿಗೆ ಪ್ರವಾಹದಂತೆ ನುಗ್ಗಿತು.

"ನೋಡ್ತಾ ನಿಂತೀರೇನ್ರಲೇ? ನೂಕ್ರಲೇ!" ಎಂದು ಕೊಟ್ರಪ್ಪನೇ ಗರ್ಜಿಸಿದ. ನಾಲ್ಕು ಹಮಾಲರು ಹೆಗಲು ಕೊಟ್ಟರು. ಜರ್‍ರೆಂದು, ಬೆಣ್ಣೆ ಸವರಿದ ಕಾವಲಿಯಿಂದ ದೋಸೆ ಜಾರುವಂತೆ, ಕಾರು ಹಂಪಿನಾಚೆಗೆ ಜಾರಿ ಧೊಪ್ಪೆಂದು ನಿಂತಿತು. ಹೊಟ್ಟೆಯಡಿಯ ಪ್ಲಾಸ್ಟಿಕ್ ಕವಚವೊಂದು ರಣರಂಗದಲ್ಲೇ ಉಳಿಯಿತು. ಮುರುಘೇಂದ್ರ ತಿರುಗಿ ನೋಡಲಿಲ್ಲ. ಸರ್ವಮಂಗಳ ಉಸಿರು ಬಿಟ್ಟಳು.

ಅಣ್ಣ ನಿಜಗುಣಪ್ಪ ಬಾಗಿಲಲ್ಲಿ ಕಾಯುತ್ತಿದ್ದ. ಜಯಶಾಲಿಯು ರಥವನ್ನು ನಿಲ್ಲಿಸಿ, "ಇಳಿ, ದೇವೀ!" ಎಂದ.

"ಆಗವಲ್ದು."

ಅಷ್ಟು ತಗ್ಗಿನ ಸೀಟಿನಲ್ಲಿ ಕಾಲೆತ್ತಿಕೊಂಡು ಕೂತಿದ್ದರಿಂದ ಸೊಂಟ ಹಿಡಿದುಕೊಂಡಿತ್ತು. ಅಣ್ಣ ಒಂದು ಕೈ, ಅತ್ತಿಗೆ ಒಂದು ಕೈ ಹಿಡಿದು, ಬಾವಿಯಿಂದ ಕೊಡವನ್ನೆತ್ತುವಂತೆ ಅವಳನ್ನು ಮೇಲಕ್ಕೆಳೆದರು.

"ಯಾಕವಾ ಇಷ್ಟೊತ್ತು? ಹೋಳಿಗಿ ಆರಿ ಹೋದವು" ಎಂದಳು ಅತ್ತಿಗೆ.

ಸರ್ವಮಂಗಳ ಸೊಂಟ ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. "ಗೆದ್ರಿ. ಮಾರಬ್ಯಾಡ್ರಿ, ಇಟ್ಕಳ್ರಿ. ಆದ್ರ ವಾಪಸ್ ಹೋಗೋವಾಗ ನಾನು ನಡ್ಕಂಡು ಹೊಕ್ಕೀನಿ. ಮನ್ಯಾಗೆ ಚಾ ಇಟ್ಟಿರ್ತೀನಿ, ನೀವು ನಿಧಾನಕ್ಕೆ ಬರ್ರಿ."

ಹೀಗೆ ಒಂದು ಗಂಟೆ ಹತ್ತು ನಿಮಿಷ ನಡೆದ ದಿಗ್ವಿಜಯದಲ್ಲಿ ಮುರುಘೇಂದ್ರನು ಕ್ರಮಿಸಿದ ದೂರ, ಕಾರಿನ ಮೀಟರಿನ ಪ್ರಕಾರ, ಒಂಬೈನೂರು ಮೀಟರ್. ಸಂಜೆ ಸರ್ವಮಂಗಳ ಹನ್ನೆರಡು ನಿಮಿಷಕ್ಕೆ ಮನೆ ಸೇರಿದಳು. ಚಾ ಎರಡು ಸಲ ಬಿಸಿ ಮಾಡಬೇಕಾಯಿತು.